ಬರಗೂರ ಹಸುವಿಗೆ ತಮಿಳು ಪಾಠ

ಹಸು ಮನೆಗೆ ಬಂದ ಐದೇ ದಿನದಲ್ಲಿ ಮೂವರನ್ನು ಒದ್ದಿತ್ತು. ಮೊದಲು ಕೊಂಡು ತಂದ ಗುರುಪ್ರಕಾಶನನ್ನು, ಆಮೇಲೆ ಚೊಂಬು ಹಿಡಿದು ಕರೆಯಲು ಕುಳಿತ ಅವನ ಹೆಂಡತಿ ನಾಗಶ್ರೀಯನ್ನು, ಕೊನೆಗೆ ಬುದ್ಧಿ ಹೇಳಲು ಬಂದ ಪಕ್ಕದ ಮನೆಯ ಸಿದ್ದಮಲ್ಲಪ್ಪನನ್ನು. ಮೂರನೆಯ ಒದೆ ಬಿದ್ದಾಗ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಗುರುಪ್ರಕಾಶನ ತಾಯಿ ಚನ್ನಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನುಷ್ಯನಿಗೆ ಯಾರಾದರೂ ಒಂದು ಒದೆ ಕೊಡಬೇಕೆಂದು ಅವಳಿಗೆ ಬಹಳ ದಿನದಿಂದ ಇತ್ತು.

ಲೊಕ್ಕನಹಳ್ಳಿಯ ಅಂಚಿನಲ್ಲಿ, ಕಾಡಿಗೆ ತಾಗಿದಂತೆ, ಇವರದು ಮಳೆಯನ್ನೇ ನಂಬಿದ ಎರಡೂವರೆ ಎಕರೆ ಹೊಲ. ಎಂಟು ಮೇಕೆ, ಒಂದಿಷ್ಟು ನಾಟಿ ಕೋಳಿ, ಬೇಲಿಯುದ್ದಕ್ಕೂ ನುಗ್ಗೆ. ಇನ್ನು ಮೇಲೆ ಅಂಗಡಿಯ ಗೊಬ್ಬರದ ಮೂಟೆ ಹೊಲಕ್ಕೆ ಇಳಿಯಬಾರದು, ಮನೆಯ ದನದ ಸಗಣಿ ಗಂಜಳದಲ್ಲೇ ರಾಗಿ ಬೆಳೆಯಬೇಕು ಎಂದು ಗುರುಪ್ರಕಾಶ ಹಟ ಹಿಡಿದಿದ್ದ. ಹಿಂದೆ ತಂದ ಸೀಮೆ ಹಸು ಇಲ್ಲಿನ ಬಿಸಿಲು ತಾಳದೆ ಸೊರಗಿ ಹೋಯಿತು. ಅದಕ್ಕೇ ಗಟ್ಟಿ ಜಾತಿ ಬೇಕೆಂದು ಗಡಿಯಾಚೆ ಅಂದಿಯೂರಿನ ದನದ ಸಂತೆಗೆ ಹೋಗಿ, ಕೆಂಪು ಮೈಗೆ ಸುಣ್ಣ ಎರಚಿದಂತೆ ಬಿಳಿ ಮಚ್ಚೆಯಿದ್ದ ಬರಗೂರು ಹಸುವೊಂದನ್ನು ಕರುವಿನ ಸಮೇತ ತಂದಿದ್ದ. ಎಂಟು ದಿನದೊಳಗೆ ಒಗ್ಗದಿದ್ದರೆ ವಾಪಸ್ ತಂದುಬಿಡಿ ಎಂದಿದ್ದ ದಲ್ಲಾಳಿ.

"ಇದು ವಾಪಸ್ ಓದ್ರ ಮುಗೀತು ಕನವ್ವ," ಎಂದ ಗುರುಪ್ರಕಾಶ, ಊದಿದ ಮೊಣಕಾಲು ನೀವಿಕೊಳ್ಳುತ್ತ. "ಮುಂದ್ಲ ವರ್ಸ ಎಲ್ಲಾರಂಗೆ ನಾನೂ ಮೂಟೇನೇ ತಂದು ಸುರೀತೀನಿ."

ಸಿದ್ದಮಲ್ಲಪ್ಪ ಮಾತ್ರ ಸೋಲೊಪ್ಪುವ ಆಸಾಮಿಯಲ್ಲ. ಸತ್ಯಮಂಗಲದ ಮಿಲ್ಲಿನಲ್ಲಿ ಹತ್ತು ವರ್ಷ ದುಡಿದು ಬಂದವನು. "ಲೇ ಗುರು, ಇದು ತಮಿಳ್ನಾಡ್ ಅಸ ಕಣ್ಲಾ! ನೀನು ಕನ್ನಡದಾಗ ಕೂಗುದ್ರ ಅದುಕ್ಕೇನು ತಿಳೀತದ?" ಎಂದ.

ಅಂದಿನಿಂದ ಕೊಟ್ಟಿಗೆಯಲ್ಲಿ ತಮಿಳು ಶುರುವಾಯಿತು. "ವಾಮ್ಮಾ, ವಾ ವಾ," ಎಂದು ಗುರುಪ್ರಕಾಶ ಬೂಸದ ಬಕೆಟ್ಟು ಹಿಡಿದು ಬೇಡುವುದು, "ಸಾಪ್ಟಿಯಾ?" ಎಂದು ನಾಗಶ್ರೀ ದೂರದಿಂದಲೇ ಊಟದ ಉಪಚಾರ ಕೇಳುವುದು. ಹಸು ಬೂಸವನ್ನು ಮೂಸಲೂ ಇಲ್ಲ. ಮೂಗುದಾರ ಬಿಗಿದು ಗೂಟಕ್ಕೆ ಕಟ್ಟಿದ್ದಕ್ಕೆ ಕಣ್ಣು ಕೆಂಪಗೆ ಮಾಡಿಕೊಂಡು ಹಗ್ಗ ಜಗ್ಗುತ್ತಿತ್ತು.

ಚನ್ನಾಜಮ್ಮನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಅವಳು ಹುಟ್ಟಿದ್ದೇ ಬರಗೂರು ಬೆಟ್ಟದಲ್ಲಿ, ನೂರು ದನದ ದೊಡ್ಡಿಯ ಪಕ್ಕದಲ್ಲಿ. ಆ ಬೆಟ್ಟ ತಮಿಳುನಾಡಿಗೆ ಸೇರಿದ್ದರೂ ಅಲ್ಲಿ ದನ ಸಾಕುವ ಅವಳ ಕಡೆಯವರ ಮನೆಮಾತು ಕನ್ನಡ. ಹದಿನಾರಕ್ಕೆ ಮದುವೆಯಾಗಿ ಬಂದ ಮೊದಲ ಸಂಜೆಯೇ ಅವಳು ಹಿತ್ತಿಲಲ್ಲಿ ನಿಂತು, ತವರಿನ ರೂಢಿಯಂತೆ ಹೊಟ್ಟೆಯಾಳದಿಂದ ದನಿ ತೆಗೆದು ದನಗಳನ್ನು ಕರೆದಿದ್ದಳು. ಬೀದಿಗೆ ಬೀದಿಯೇ ನಕ್ಕಿತು. "ಮರ್ವಾದಸ್ತರ ಮನೆ ಸೊಸೆ ಇಂಗ್ ಕಾಡ್ ಕೂಗು ಕೂಗ್ತಾಳಾ?" ಎಂದು ಅತ್ತೆ ಅಂದಿದ್ದೇ ಕೊನೆ. ಆಮೇಲೆ ಅವಳು ಕೊಟ್ಟಿಗೆ ಹೊಗಲಿಲ್ಲ. ಅವ್ವನಿಗೆ ದನ ಕಂಡರೆ ಭಯ ಎಂದೇ ಮಗ ತಿಳಿದು ಬೆಳೆದ. ಅವಳೂ ಹಾಗೇ ತಿಳಿಯಲು ಬಿಟ್ಟಳು. ಹಿತ್ತಿಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡವೂ ಒಮ್ಮೊಮ್ಮೆ ಬಿಂಕ ಮಾಡುತ್ತದೆ. ಆದರೆ ಬಿಂಕಕ್ಕಿಂತ ಹೆಚ್ಚಾಗಿ ಅವಳಿಗೆ ಅಂಜಿಕೆಯಿತ್ತು. ನಲವತ್ತೆಂಟು ವರ್ಷ ಮುಚ್ಚಿಟ್ಟ ದನಿ ಈಗ ಬರುತ್ತದೋ ಇಲ್ಲವೋ ಯಾರು ಬಲ್ಲರು?

ಏಳನೆಯ ದಿನ ಸಂಜೆ ಗೂಟವೇ ಕಿತ್ತುಬಂತು.

ಕಟ್ಟಿದ ಕರುವನ್ನೂ ಲೆಕ್ಕಿಸದೆ ಹಸು ಬೇಲಿ ಹಾರಿ ಕಾಡಿನ ಕಡೆ ಓಡಿತು. ಹಿಂದೆ ಗುರುಪ್ರಕಾಶ, ಅವನ ಹಿಂದೆ ಕೋಲು ಹಿಡಿದ ಸಿದ್ದಮಲ್ಲಪ್ಪ, ಬಾಯಿ ತುಂಬ ತಮಿಳು. ಇವರು ಅಟ್ಟಿದಷ್ಟೂ ಅದು ಮುಂದಕ್ಕೆ ಹೋಯಿತು. ಹೊಲದ ಕೊನೆಗೆ ಆನೆ ಬಾರದಿರಲೆಂದು ತೋಡಿದ ಆಳದ ಕಂದಕ. ಅದರಲ್ಲಿ ಬಿದ್ದರೆ ಕಾಲು ಮುರಿಯಿತು, ದಾಟಿದರೆ ಚಿರತೆಯ ಪಾಲು. ಕೊಟ್ಟಿಗೆಯಲ್ಲಿ ಕರು ಕೂಗಿತು. ಆ ಕೂಗು ಚನ್ನಾಜಮ್ಮನ ಕರುಳಿಗೇ ತಗುಲಿತು.

ಅವರೆಕಾಯಿ ಮೊರ ಪಕ್ಕಕ್ಕೆ ತಳ್ಳಿ ಎದ್ದಳು. ಒಳಗಿನಿಂದ ಒಂದು ಹಿಡಿ ಕಲ್ಲುಪ್ಪು ತಂದಳು. ಹೊಲದ ನಡುವೆ ಹೋಗಿ ನಿಂತು, "ಎಲ್ಲಾ ಕುಂತ್ಕಳಿ! ಕೋಲು ಕೆಳಗಾಕಿ!" ಎಂದು ಗದರಿದಳು. ಮಗ ಬೆಚ್ಚಿ ಕುಳಿತ. ಸಿದ್ದಮಲ್ಲಪ್ಪ ಅವನಿಗಿಂತ ಮೊದಲೇ ಕುಳಿತ. ಅವಳು ಎರಡೂ ಅಂಗೈ ಬಾಯಿಯ ಸುತ್ತ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆಯಿಂದ ಕರೆದಳು.

"ಓ…ಓ…ವ್! ಬಾರೇ ಕೆಂದೀ… ಬಾ, ಬಾ, ಬಾ…"

ಮೊದಲ ಕೂಗು ಒಡೆದು ಹೋಯಿತು. ಎರಡನೆಯದು ಕಂದಕ ದಾಟಿ ಕಾಡಿಗೆ ಬಡಿದು ತಿರುಗಿ ಬಂತು. ಹಸು ನಿಂತಿತು. ಕಿವಿ ನೆಟ್ಟಗೆ ಮಾಡಿ ಹೊರಳಿ ನೋಡಿತು. ಮೂರನೆಯ ಕೂಗಿಗೆ ನಡೆಯತೊಡಗಿದ್ದು ನಾಲ್ಕನೆಯದಕ್ಕೆ ಓಡತೊಡಗಿತು. ಓಡಿ ಬಂದು ಅವಳ ಮುಂದೆ ಗಕ್ಕನೆ ನಿಂತು, ಅಂಗೈಯ ಉಪ್ಪನ್ನು ಒರಟು ನಾಲಿಗೆಯಿಂದ ನೆಕ್ಕಿತು. ಚನ್ನಾಜಮ್ಮ ಅತ್ತಳು, ನಕ್ಕಳು, ಅದರ ಕೊರಳು ತಬ್ಬಿಕೊಂಡು ಮತ್ತೆ ಅತ್ತಳು.

"ಕರ ಬುಡವ್ವ," ಎಂದಳು ನಾಗಶ್ರೀಗೆ. "ಚೊಂಬ್ ತಕಂಡ್ ಬಾ."

ಕರು ಎರಡು ಗುಟುಕು ಕುಡಿದ ಮೇಲೆ, ಹಗ್ಗವಿಲ್ಲ, ಗೂಟವಿಲ್ಲ, ನಡು ಹೊಲದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅವಳು ಹಾಲು ಕರೆದಳು. ನೊರೆ ಏರಿ ಚೊಂಬಿನ ಕಂಠ ಮುಟ್ಟಿತು. ಗುರುಪ್ರಕಾಶ ಬಾಯಿ ತೆರೆದವನು ಮುಚ್ಚಿರಲಿಲ್ಲ. "ಅವ್ವ, ನಿಂಗ ದನ ಅಂದ್ರ ಭಯ ಅಲ್ವಾ?"

"ಭಯ ಇದ್ದದ್ದು ಜನುದ್ದು ಕಣ್ಲಾ. ದನುದ್ದಲ್ಲ," ಎಂದಳು. "ಬೆಟ್ಟದ್ ಅಸ ಉಟ್ದಾಗ್ನಿಂದ ಅಗ್ಗ ಕಂಡಿಲ್ಲ. ನೀವ್ ಬಂದ್ ದಿಸ್ವೇ ಗೂಟುಕ್ ಬಿಗುದ್ರಿ. ಒದೀದೆ ಮುದ್ದಾಡ್ತದಾ?"

ಸಿದ್ದಮಲ್ಲಪ್ಪ ಎದ್ದು ಪಂಚೆಯ ಮಣ್ಣು ಕೊಡವಿದ. "ಅಲ್ಲ ಚನ್ನಾಜಕ್ಕ, ಇದ್ಕೆ ಕನ್ನಡ ಎಂಗೆ ಬಂತು?"

"ನಂಗ್ ಎಂಗೆ ಬಂತೋ ಅಂಗೆ."

ಮಾರನೆಯ ದಿನ ಹಸು ಅಂದಿಯೂರಿಗೆ ಹೋಗಲಿಲ್ಲ, ಮೂಗುದಾರ ಕಸದ ಗುಂಡಿಗೆ ಹೋಯಿತು. ಚನ್ನಾಜಮ್ಮ ಹೊಲದಲ್ಲೇ ಬಿದಿರ ತಡಿಕೆಯ ದೊಡ್ಡಿ ಹಾಕಿಸಿದಳು. ಹಸು, ಕರು, ಮೇಕೆಗಳೆಲ್ಲ ರಾತ್ರಿ ಅದರೊಳಗೆ. ವಾರಕ್ಕೊಮ್ಮೆ ತಡಿಕೆ ಕಿತ್ತು ಮುಂದಿನ ತುಂಡು ನೆಲಕ್ಕೆ ಸರಿಸುವುದು. ಸಗಣಿ ಹೊರುವ ಕೆಲಸವೇ ಇಲ್ಲ, ಗಂಜಳದ ಒಂದು ಹನಿಯೂ ಪೋಲಿಲ್ಲ. ಬೇಸಿಗೆಯುದ್ದಕ್ಕೂ ದೊಡ್ಡಿ ಹೊಲದ ಮೇಲೆ ತೆವಳಿತು. ಮಳೆ ಬಂದು ರಾಗಿ ಬಿತ್ತಿ ತೆನೆ ಕಟ್ಟಿದಾಗ, ದೊಡ್ಡಿ ನಿಂತಿದ್ದ ನೆಲ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಲ್ಲಿ ಪೈರು ಮೊಣಕಾಲಿಗಿಂತ ಮೇಲೆ ತೂಗುತ್ತಿತ್ತು. ಗೊಬ್ಬರದ ಮೂಟೆ ಸುರಿದವರೇ ಬದುವಿನ ಮೇಲೆ ಬಂದು ನಿಂತು ನೋಡಿದರು. ಚನ್ನಾಜಮ್ಮ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು, ಜೊತೆಗೆ ಕೇಳದಿದ್ದರೂ ಬುದ್ಧಿಮಾತನ್ನೂ ಕೊಟ್ಟಳು.

ಒಕ್ಕಣೆ ಮುಗಿದ ವಾರ, ಇನ್ನೆರಡು ಹಸು ತರಲು ಹೊರಟ ಗುರುಪ್ರಕಾಶ ಟೆಂಪೋದ ಮುಂದಿನ ಬಾಗಿಲು ತೆಗೆದು ನಿಂತ.

"ಗಾಡಿ ಅತ್ತವ್ವ. ಈ ಸಲ ಸಂತೇಲಿ ನೀನೇ ಆರ್ಸು."

ಅವಳು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿ ಕುಳಿತಳು. "ಸಂತೆಗ್ಯಾಕಪ್ಪಾ?" ಎಂದಳು. "ಘಾಟಿ ಮೇಲೆ ಬರಗೂರಲ್ಲೇ ನಿಲ್ಸು. ನಮ್ಮಪ್ಪನ ದೊಡ್ಡೀಲೇ ಇಡ್ಕಂಡ್ ಬರಾನ."