ಹಿಂಬಾಗಿಲಿನ ಇಟ್ಟಿಗೆ

“ಹಿಂಬಾಗಿಲು ಮುಚ್ಚೇ ಇರ್ಬೇಕು, ಯಾರ್ ಬೇಕಾದ್ರೂ ಒಳಗೆ ನುಗ್ತಾರೆ. ನಿಯಮ ಎಲ್ಲರಿಗೂ ಒಂದೇ,” ಎಂದು ಮುಖ್ಯೋಪಾಧ್ಯಾಯಿನಿ ಶಿಕ್ಷಕರ ಸಭೆಯಲ್ಲಿ ನೆನಪಿಸಿದ್ದರು. ಮರುದಿನವೇ ಬಾಗಿಲು ಮುಚ್ಚದಂತೆ ಮತ್ತೆ ಇಟ್ಟಿಗೆ ಅಡ್ಡವಿತ್ತು.

ಹಿಂದೆ ಹೋಗಿ ಕದ್ದು ಸಿಗರೇಟು ಸೇದುವ ಡ್ರಿಲ್ ಮೇಷ್ಟ್ರದ್ದೇ ಈ ಕೆಲಸ ಎಂದು ಮುಖ್ಯೋಪಾಧ್ಯಾಯಿನಿ ಅಂದುಕೊಂಡರು. ಆತ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕಣ್ಣಾರೆ ಕಂಡು ಹಿಡಿಯಲೆಂದು ಹಿಂಬಾಗಿಲ ಬಳಿ ಗೋಡೆಯ ಮರೆಯಲ್ಲಿ ಕಾದು ನಿಂತರು.

ಇಟ್ಟಿಗೆ ಇಡಲು ಬಗ್ಗಿದವರು, ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ ಹಿರಿಯ ಗಣಿತದ ಮೇಷ್ಟ್ರು.

“ನೀವಾ ಸರ್?”

“ಹಿಂದಿನ ಕಟ್ಟಡದಲ್ಲಿ ಪಾಠ ಮುಗಿಸಿ, ಸುತ್ತಿ ಬಂದು ಮುಂದಿನ ಮೆಟ್ಟಿಲು ಹತ್ತೋಕೆ ಮಂಡಿ ಕೇಳಲ್ಲಮ್ಮ. ಹೇಳಿದ್ರೆ ಮನೆಗೆ ಕಳಿಸ್ತೀರೇನೋ ಅಂತ ಹೆದರಿದೆ.”

ಮುಖ್ಯೋಪಾಧ್ಯಾಯಿನಿ ಇಟ್ಟಿಗೆ ಕಿತ್ತುಕೊಂಡರು. “ನಾಳೆಯಿಂದ ನಿಮ್ಮ ತರಗತಿ ಈ ಕಟ್ಟಡದಲ್ಲೇ. ಬಾಗಿಲು ಮಾತ್ರ ಮುಚ್ಚಿರ್ಲಿ.”

ಡ್ರಿಲ್ ಮೇಷ್ಟ್ರ ಮುಖ ನೋಡಿ ಮಾತಾಡಲು ಆಕೆಗೆ ವಾರವೇ ಹಿಡಿಯಿತು.