ಗೇಣುದ್ದದ ಕೆಂಪು

ಅಳಿಯ ಜೇಬಿನಿಂದ ತೆಗೆದು ಕತ್ತರಿಸುವ ಮೇಜಿನ ಮೇಲೆ ಇಟ್ಟದ್ದನ್ನು ನೋಡಿ ಹೊಲಿಗೆಯಮ್ಮನ ಕಾಲು ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಬೂದು ಕ್ಯಾನ್ವಾಸ್ ಚೀಲ, ಮೈಯೆಲ್ಲ ಕೆಸರು. ತುದಿಗೆ ಮುದ್ದೆಯಾದ ಒಂದು ತುಂಡು ಕೆಂಪು ಬಟ್ಟೆ. ಊಟದ ಹೊತ್ತಾದ್ದರಿಂದ ಶೆಡ್ಡಿನ ಉಳಿದ ಹೆಂಗಸರೆಲ್ಲ ಕ್ಯಾಂಟೀನಿಗೆ ಹೋಗಿದ್ದರು.

"ಅತ್ತೆ, ಇದನ್ನ ಇಸ್ತ್ರಿ ಒಲೆಗೆ ಹಾಕ್ಬಿಡಿ. ನನ್ನ ಕೈಲಿ ಆಗ್ತಿಲ್ಲ."

"ಎಲ್ಲಿ ಸಿಕ್ತು ಇದು?"

ಅವನು ಬಾಗಿಲ ಕಡೆ ನೋಡಿದ. "ಸಿಳ್ಳೆ ವಿಮಾನದಲ್ಲಿ. ಮುರಿದು ಬಿದ್ದಿದ್ದ ರೆಕ್ಕೇಲಿ. ಬೇರೆ ಯಾರೂ ನೋಡೋಕ್ ಮುಂಚೆ ಕಿತ್ಕೊಂಡ್ ಬಂದೆ."

ಸಿಳ್ಳೆ ಎಂದರೆ ಆ ಬೆಳಿಗ್ಗೆ ಸತ್ತ ಹುಡುಗ ಪೈಲಟ್. ಮೆಸ್ಸಿನಿಂದ ವಿಮಾನದವರೆಗೆ ಸಿಳ್ಳೆ ಹಾಕಿಕೊಂಡೇ ನಡೆಯುತ್ತಿದ್ದನಾದ್ದರಿಂದ ಆ ಹೆಸರು. ಅವನ ನಿಜವಾದ ಹೆಸರು ಹೇಳಿದರೆ ವಾಯುನೆಲೆಯಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಯುದ್ಧ ಶುರುವಾದಮೇಲೆ ಪೈಲಟ್‌ಗಳನ್ನು ಹಸಿಬಿಸಿ ಬೇಯಿಸಿ ಇಳಿಸುವ ಹಾಗೆ ಕಳಿಸುತ್ತಿದ್ದರು. ವಿಮಾನಗಳನ್ನು ನೋಡಿಕೊಳ್ಳುವ ಅಳಿಯನಂಥ ಮೆಕ್ಯಾನಿಕ್‌ಗಳು ನಿದ್ದೆ ಕಂಡು ಎಷ್ಟೋ ಕಾಲವಾಗಿತ್ತು. ಶತ್ರುವಿನ ಗುಂಡಿಗೆ ಬಿದ್ದ ವಿಮಾನಗಳಿಗಿಂತ ತಾವಾಗಿಯೇ ಬಿದ್ದವೇ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೇಜಿನ ಮೇಲಿದ್ದದ್ದಕ್ಕೆ ಶೆಡ್ಡಿನಲ್ಲಿ ಟೋಪಿ ಎನ್ನುತ್ತಿದ್ದರು. ವಿಮಾನದ ರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರೊಳಗೆ ಗಾಳಿ ನುಗ್ಗಿದರೆ ಪೈಲಟ್‌ನ ಮುಂದಿರುವ ಮುಳ್ಳು ವೇಗ ತೋರಿಸುತ್ತದೆ. ನೆಲದ ಮೇಲಿರುವಾಗ ಧೂಳು, ಹುಳ ಹೋಗದಿರಲಿ ಎಂದು ಕೊಳವೆಗೆ ಟೋಪಿ ಹಾಕಿಡಬೇಕು. ಹಾರುವ ಮುಂಚೆ ನೆನಪಿಟ್ಟು ತೆಗೆಯಬೇಕು. ಮರೆಯಬಾರದೆಂದೇ ಅದಕ್ಕೊಂದು ಮೊಳದುದ್ದದ ಕೆಂಪು ಬಾಲ. ಗಾಳಿಗೆ ಪಟಪಟನೆ ಹಾರಾಡುತ್ತಿದ್ದರೆ ಕಣ್ಣಿಗೆ ರಾಚುವಂತೆ ಕಾಣುತ್ತದೆ.

"ಸೈರನ್ ಆಯ್ತು, ಎಲ್ಲರೂ ಓಡಿದ್ವಿ," ಎಂದ ಅಳಿಯ. "ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಮಂಜು ಬೇರೆ. ಟೋಪಿ ಹಾಕಿದ್ದು ರಾತ್ರಿ ಪಾಳಿಯವನು, ತೆಗೀಬೇಕಾಗಿದ್ದು ನಾನು. ರೆಕ್ಕೆ ಕೆಳಗೆ ಬಗ್ಗಿ ನೋಡಿದೆ ಅತ್ತೆ, ದೇವರಾಣೆ ನೋಡಿದೆ. ಏನೂ ಕಾಣಲಿಲ್ಲ. ರಾತ್ರಿಯವನು ಹಾಕೇ ಇಲ್ಲ ಅಂದ್ಕೊಂಡೆ. ಆ ಹುಡುಗ ಮೇಲೆ ಹೋದಮೇಲೆ ಮುಳ್ಳು ಅಲ್ಲಾಡಿಲ್ಲ. ಇಂಜಿನ್ ಕೈಕೊಡ್ತು ಅಂತ ವಾಪಸ್ ತಿರುಗಿಸಿರ್ತಾನೆ. ವೇಗ ಸಾಲದೆ ತಿರುಗಿಸಿದ್ರೆ ಮುಗೀತು, ಕಲ್ಲು ಬಿದ್ದ ಹಾಗೆ ಬೀಳುತ್ತೆ."

ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತ. "ಬಾಲ ನೋಡಿ, ಬಿದ್ದಾಗ ಹರಿದುಹೋಗಿದೆ. ಪೂರ್ತಿ ಮೊಳದ ಬಾಲ ಇತ್ತು, ನನ್ನ ಕಣ್ಣಿಗೆ ಕಾಣಲಿಲ್ಲ. ನಾನು ಕುರುಡ ಅತ್ತೆ. ಕಣ್ಣಿದ್ದೂ ಕುರುಡ."

ಹೊಲಿಗೆಯಮ್ಮ ಬಾಲವನ್ನು ಬಿಡಿಸಿ ಬೆರಳಲ್ಲಿ ಸವರಿದಳು. ಅದು ಹರಿದಿರಲಿಲ್ಲ. ತುದಿಯನ್ನು ಎರಡು ಸಲ ಮಡಿಸಿ ಒತ್ತೊತ್ತಾಗಿ ಹಾಕಿದ ಹೊಲಿಗೆ ಹಾಗೇ ಇತ್ತು, ಅವಳದೇ ಕೈಯ ಹೊಲಿಗೆ. ಬಾಲ ಇದ್ದದ್ದೇ ಒಂದು ಗೇಣು.

ಮೊಳದ ಪಟ್ಟಿಗಳನ್ನು ಸ್ಟೋರಿನವರೇ ಕತ್ತರಿಸಿ, ಎಣಿಸಿ ಕೊಡುತ್ತಿದ್ದರು. ಒಂದು ಪೂರ್ತಿ ಪಟ್ಟಿ ಎತ್ತಿಟ್ಟರೆ ಸಿಕ್ಕಿಬೀಳುವುದು ಖಂಡಿತ. ಆದರೆ ಪ್ರತಿ ಪಟ್ಟಿಯನ್ನೂ ನಡುವೆ ಕತ್ತರಿಸಿ ಅರ್ಧ ಹೊಲಿದು ಅರ್ಧ ಕುಪ್ಪಸದೊಳಗೆ ಇಟ್ಟುಕೊಂಡರೆ ಕೇಳುವವರು ಯಾರು? ಹಾಗೆಂದು ಅವಳೇನು ಕಳ್ಳಿಯಲ್ಲ; ಇಷ್ಟು ವರ್ಷದಲ್ಲಿ ಒಂದು ಉಂಡೆ ದಾರವನ್ನೂ ಮನೆಗೆ ಒಯ್ದವಳಲ್ಲ. ಮೊಮ್ಮಗಳೊಬ್ಬಳು ಇದ್ದಳು. ಯುದ್ಧ ಶುರುವಾದಮೇಲೆ ಹುಟ್ಟಿದ ಆ ಮಗು ಬೂದು ಮತ್ತು ಖಾಕಿ ಬಿಟ್ಟು ಬೇರೆ ಬಟ್ಟೆ ತೊಟ್ಟದ್ದಿಲ್ಲ. ಅಂಗಡಿಗಳಲ್ಲಿ ಬಣ್ಣದ ಬಟ್ಟೆ ಬರುವುದು ನಿಂತೇಹೋಗಿತ್ತು. ಒಂದು ದಿನ ಶೆಡ್ಡಿಗೆ ಬಂದು ಕೆಂಪು ಪಟ್ಟಿಯೊಂದನ್ನು ಕೆನ್ನೆಗೆ ಒತ್ತಿಕೊಂಡು, "ಅಜ್ಜೀ, ಇದು ಯಾರಿಗೆ?" ಎಂದು ಕೇಳಿತ್ತು. ವಿಮಾನಕ್ಕೆ ಎಂದಾಗ, "ವಿಮಾನಕ್ಕೆ ಯಾಕೆ? ಅದಕ್ಕೇನು ಗೊತ್ತಾಗುತ್ತೆ?" ಎಂದಿತ್ತು. ಅಂದಿನಿಂದಲೇ ಅಜ್ಜಿ ಪಟ್ಟಿಗಳನ್ನು ನಡುವೆ ಕತ್ತರಿಸತೊಡಗಿದ್ದಳು.

ಗೇಣುದ್ದದ ಬಾಲವೂ ಬಾಲವೇ ತಾನೇ ಎಂದುಕೊಂಡಿದ್ದಳು. ಈ ಕಾಲದಲ್ಲಿ ಯಾವುದು ಪೂರ್ತಿ ಬರುತ್ತದೆ? ರೊಟ್ಟಿ ಅರ್ಧ, ಸೋಪು ಅರ್ಧ, ಪೈಲಟ್‌ಗಳ ತರಬೇತಿಯೂ ಅರ್ಧ. ಹೊಸ ಟೋಪಿಗಳು ಹಿಂದಿನ ದಿನವಷ್ಟೇ ವಿಮಾನಗಳಿಗೆ ಹೋಗಿದ್ದವು. ಮಂಜಿಗೆ ಒದ್ದೆಯಾದ ಮೊಳದ ಬಾಲ ಜೋತುಬಿದ್ದಾದರೂ ಕಾಣುತ್ತಿತ್ತು. ಗೇಣಿನದು ಕೊಳವೆಗೆ ಸುತ್ತಿಕೊಂಡು ಅಂಟಿಬಿಟ್ಟಿದೆ.

ಹೇಳಿಬಿಡಬೇಕು ಎನ್ನಿಸಿತು. ನಿನ್ನ ಕಣ್ಣಲ್ಲಿ ದೋಷವಿಲ್ಲ ಕಣಪ್ಪ, ನನ್ನ ಕೈಯಲ್ಲಿ ದೋಷ. ಆಮೇಲೆ ಅವಳು ಎದ್ದು, ಒಲೆಯ ಮುಚ್ಚಳ ಸರಿಸಿ, ಟೋಪಿಯನ್ನು ಕೆಂಡದೊಳಗೆ ಹಾಕಿದಳು. ಕ್ಯಾನ್ವಾಸ್ ಹೊಗೆಯಾಡಿ ಕೊನೆಗೆ ಹತ್ತಿಕೊಂಡಿತು. ಅದು ಬೂದಿಯಾಗುತ್ತಿದ್ದಂತೆ ತನ್ನ ಮೈ ಹಗುರಾದದ್ದು ಅವಳಿಗೇ ತಿಳಿಯಿತು, ಮತ್ತು ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಏಳು, ಮುಖ ತೊಳ್ಕೋ," ಎಂದಳು. "ಕೇಳಿದ್ರೆ ತೆಗೆದಿದ್ದೆ ಅನ್ನು. ಹೆಂಡತಿ ಮಗು ಮುಖ ನೋಡಿ ಹೇಳು."

ಆ ಮಧ್ಯಾಹ್ನವೇ, ಹೊಲಿಗೆ ಬಿಡುತ್ತಿದೆ ಎಂದು ಹೇಳಿ ಹೊಸ ಟೋಪಿಗಳನ್ನೆಲ್ಲ ವಾಪಸು ತರಿಸಿಕೊಂಡಳು. ಸ್ಟೋರಿನಿಂದ ಬೇರೆ ಪಟ್ಟಿ ಬಂದಮೇಲೆ ಒಂದೊಂದಕ್ಕೂ ಪೂರ್ತಿ ಮೊಳದ ಬಾಲ ಹೊಲಿದಳು. ಉಳಿದ ಹೆಂಗಸರು ಯಾವತ್ತಿನ ಹಾಗೆ ಗಂಡಂದಿರನ್ನೂ ಕ್ಯಾಂಟೀನಿನ ಸಾರನ್ನೂ ಬೈದುಕೊಂಡು ನಗುತ್ತಿದ್ದರು. ಅವಳೂ ನಕ್ಕಳು.

ವಿಚಾರಣೆ ಬೇಗ ಮುಗಿಯಿತು. ಹೊರಗಿನಿಂದ ಬಂದ ಅಧಿಕಾರಿಗೆ ನೋಡಬೇಕಾದ ವಿಮಾನಗಳು ಇನ್ನೂ ಬೇಕಾದಷ್ಟಿದ್ದವು. ಟೋಪಿ ತೆಗೆದಿದ್ದೆಯಾ ಎಂದು ಅಳಿಯನನ್ನು ಕೇಳಿದರು, ತೆಗೆದಿದ್ದೆ ಎಂದ. ಮುರಿದುಬಿದ್ದ ರೆಕ್ಕೆಯ ಕೊಳವೆ ಬರಿದಾಗಿದ್ದದ್ದನ್ನು ಎಲ್ಲರೂ ನೋಡಿದ್ದರು. ಪೈಲಟ್ ಗಾಬರಿಗೊಂಡು ಅವಸರದಲ್ಲಿ ತಿರುಗಿಸಿದ್ದೇ ಕಾರಣ ಎಂದು ತೀರ್ಮಾನವಾಯಿತು. ಸತ್ತವನು ಎದ್ದುಬಂದು ಇಲ್ಲ ಎನ್ನುವ ಹಾಗಿರಲಿಲ್ಲವಲ್ಲ.

ಅಳಿಯ ಬಚಾವಾದ ಎಂದು ಮಗಳು ಹೇಳಿದಳು. ಅವಳಿಗೆ ಟೋಪಿಯ ವಿಷಯ ಗೊತ್ತಿರಲಿಲ್ಲ. ಸುಮ್ಮನೆ ವಿಚಾರಣೆ, ಅದು ಮುಗಿಯಿತು ಎಂದಷ್ಟೇ ತಿಳಿದಿದ್ದಳು. ಆದರೆ ಬಚಾವಾದವನ ಲಕ್ಷಣ ಯಾವುದೂ ಅವನಲ್ಲಿರಲಿಲ್ಲ. ಮಾಡಿದ ಕೆಲಸವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ಮನೆಗೆ ಬಂದರೂ ಬಾಗಿಲ ಚಿಲಕ, ನಲ್ಲಿ, ಮಗುವಿನ ಚಪ್ಪಲಿಯ ಬಕಲು ಎಲ್ಲವನ್ನೂ ಮುಟ್ಟುತ್ತಿದ್ದ. ದೀಪ ಹಾಕಿ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ದೂರದಿಂದ ಓದಲು ನೋಡುತ್ತಿದ್ದ. ಒಂದು ಸಂಜೆ ಮಗಳು ನೀರು ತರಲು ಹೋದಾಗ ತಟ್ಟೆಯ ಮುಂದೆ ಕೂತವನು ಕೇಳಿದ:

"ಅತ್ತೆ, ಅಷ್ಟುದ್ದದ ಬಾಲ ನನಗ್ಯಾಕೆ ಕಾಣಲಿಲ್ಲ?"

ಅವಳು ಸೌಟಿನಿಂದ ಸಾರು ಬಡಿಸಿದಳು. ಈಗ ಹೇಳಿದರೆ ಇವನು ಬದುಕಿಕೊಳ್ಳುತ್ತಾನೆ. ಹೇಳಿದಮೇಲೆ ತಾನು ಇದೇ ಮನೆಯಲ್ಲಿ, ಇದೇ ತಟ್ಟೆಗೆ ಬಡಿಸುವುದು ಹೇಗೆ?

"ಊಟ ಮಾಡಪ್ಪ," ಎಂದಳು. "ಆರಿಹೋಗುತ್ತೆ."

ಫ್ರಾಕು ಅವಳ ಟ್ರಂಕಿನ ತಳದಲ್ಲಿತ್ತು. ವಿಮಾನ ಬೀಳುವ ಮುಂಚೆಯೇ ಹೊಲಿದು ಮುಗಿಸಿದ್ದಳು. ಗೇಣುದ್ದದ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿದ ನೆರಿಗೆಯ ಲಂಗ, ಅವೇ ಪಟ್ಟಿಗಳ ಮೇಲ್ಭಾಗ. ಅದನ್ನೂ ಒಲೆಗೆ ಹಾಕಬೇಕೆಂದು ಎರಡು ಸಲ ಹೊರಗೆ ತೆಗೆದಿದ್ದಳು. ಆ ಮನೆಯಲ್ಲಿ ಬಣ್ಣವೆನ್ನುವುದು ಇದ್ದದ್ದು ಅದೊಂದೇ. ಕೈ ಬರಲಿಲ್ಲ.

ಸಿಳ್ಳೆಯ ಅಪ್ಪ ಬಂದ ದಿನ ಬಿಸಿಲಿತ್ತು. ಮಗನ ಬಟ್ಟೆಬರೆಯ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಿದ್ದ ಮುದುಕರು ಶೆಡ್ಡಿನ ಬಾಗಿಲಲ್ಲಿ ತಲೆಯ ಮೇಲಿನ ಟೋಪಿ ಕೈಗೆ ತೆಗೆದುಕೊಂಡು ನಿಂತರು. ಹಿಂದೆ ಪೆಟ್ಟಿಗೆ ಹೊತ್ತುಕೊಂಡು ಅಳಿಯ. ಬಸ್ಸಿನವರೆಗೆ ಮುಟ್ಟಿಸಿ ಬಾ ಎಂದು ಅವನನ್ನೇ ಕಳಿಸಿದ್ದರು. ಆ ವಿಮಾನದ ಮೆಕ್ಯಾನಿಕ್ ಅವನೇ ಅಲ್ಲವೇ, ಹುಡುಗನನ್ನು ಬಲ್ಲವನು.

"ಅವನ ಒಂದು ಅಂಗಿಯ ಜೇಬು ಯಾರೋ ತುಂಬ ಚೆನ್ನಾಗಿ ಹೊಲಿದಿದ್ದಾರೆ," ಎಂದರು ಮುದುಕರು. "ನೀವಂತೆ. ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ."

ಹೊಲಿಗೆಯಮ್ಮ ಸ್ಟೂಲು ಒರೆಸಿ ಮುಂದಿಟ್ಟಳು. ಅವರು ಕೂತರು. ಅವರ ಕನ್ನಡಕ ಅಷ್ಟು ಸ್ವಚ್ಛವಾಗಿತ್ತೆಂದರೆ ಹಿಂದಿದ್ದ ಕಣ್ಣಿನ ಕೆಂಪೆಲ್ಲ ಕಾಣುತ್ತಿತ್ತು.

"ನಂದು ಕನ್ನಡಕದ ಅಂಗಡಿ. ಸೈನ್ಯಕ್ಕೆ ಸೇರೋಕೆ ಮುಂಚೆ ಅವನ ಕಣ್ಣು ನಾನೇ ಪರೀಕ್ಷೆ ಮಾಡಿದ್ದೆ. ಕೊನೇ ಸಾಲಿನ ತನಕ ಓದ್ಬಿಟ್ಟ. ಒಂದಕ್ಷರ ತಪ್ಪಿದ್ರೆ ಸಾಕಪ್ಪ, ಮನೇಲೇ ಉಳೀತಾನೆ ಅಂತ ಕಾಯ್ತಾ ಇದ್ದೆ." ಅವರು ಟೋಪಿಯ ಅಂಚನ್ನು ತಿರುಗಿಸುತ್ತ ಕೂತರು. "ಗಾಬರಿಯಾದ ಅಂತ ಹೇಳ್ತಾರೆ. ಅಂಗಡಿಗೆ ಬೆಂಕಿ ಬಿದ್ದಾಗ ಸಿಳ್ಳೆ ಹಾಕ್ಕೊಂಡೇ ನೀರು ಹೊತ್ತ ಹುಡುಗ ಅವನು. ಅವರಮ್ಮ ಕೇಳ್ತಾಳೆ, ಏನಾಯ್ತಂತೆ ಅಂತ. ಮಗ ತಪ್ಪು ಮಾಡಿದ ಅಂತ ಹೋಗಿ ಹೇಳಲಾ? ನಿಮಗೇನಾದ್ರೂ ಗೊತ್ತೇನಮ್ಮಾ?"

ಶೆಡ್ಡಿನ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಹೊಲಿಗೆಯಮ್ಮ ಅಳಿಯನ ಕಡೆ ನೋಡಿದಳು. ಅವನು ಪೆಟ್ಟಿಗೆ ಇಳಿಸದೆ ಹಾಗೇ ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅವನೇ ಹೇಳಿಬಿಡುತ್ತಾನೆ, ತನ್ನದಲ್ಲದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಹೇಳಿಬಿಡುತ್ತಾನೆ ಎಂದು ಅವಳಿಗೆ ಗೊತ್ತಾಯಿತು.

"ನಮಗೇನು ಗೊತ್ತಾಗುತ್ತೆ ಯಜಮಾನ್ರೇ," ಎಂದಳು, ಅವನಿಗಿಂತ ಮೊದಲು. "ನಾವು ಬಟ್ಟೆ ಹೊಲಿಯೋರು. ಒಳ್ಳೇ ಹುಡುಗ. ತುಂಬಾ ಒಳ್ಳೇ ಹುಡುಗ."

ಮುದುಕರು ತಲೆಯಾಡಿಸಿದರು. ಇಷ್ಟೇ ಸಿಗುವುದು ಎಂದು ಮೊದಲೇ ಗೊತ್ತಿದ್ದವರ ಹಾಗೆ ಎದ್ದು ಬಾಗಿಲಿಗೆ ಹೋದರು. ಅಲ್ಲಿ ನಿಂತವರು ಕಣ್ಣು ಕಿರಿದು ಮಾಡಿ ಹೊರಗೆ ನೋಡಿದರು. ಅವರ ಮುಖ ಸ್ವಲ್ಪ ಸಡಿಲವಾಯಿತು.

"ಯಾರ ಮಗು ಅದು?"

ಕ್ವಾರ್ಟರ್ಸ್ ಇದ್ದದ್ದು ಮೈದಾನದ ಆಚೆ, ಗೇಟಿನ ಪಕ್ಕ. ಅಲ್ಲಿಂದ ಒಂದು ಕೆಂಪು ಚುಕ್ಕೆ ಇತ್ತ ಓಡಿಬರುತ್ತಿತ್ತು. ಬೂದು ಗೋಡೆ, ಬೂದು ಲಾರಿ, ಬೂದು ವಿಮಾನಗಳ ನಡುವೆ ಬೇರೆ ಏನೂ ಕಣ್ಣಿಗೆ ಬೀಳದಷ್ಟು ಕೆಂಪು. ಮಗಳು ಹೊದಿಕೆ ಹುಡುಕಲು ಟ್ರಂಕು ತೆಗೆದಿದ್ದಾಳೆ ಎಂದು ಹೊಲಿಗೆಯಮ್ಮನಿಗೆ ಹೊಳೆಯಿತು. ಅಮ್ಮ ಗುಟ್ಟಾಗಿ ಹೊಲಿದಿಟ್ಟದ್ದನ್ನು ಕಂಡು ಹಿಗ್ಗಿ ಮಗುವಿಗೆ ತೊಡಿಸಿ, ಹೋಗಿ ಅಜ್ಜಿಗೆ ತೋರಿಸು ಎಂದು ಕಳಿಸಿದ್ದಾಳೆ.

"ನೋಡಿ, ಎಷ್ಟು ದೂರಕ್ಕೆ ಕಾಣುತ್ತೆ," ಎಂದರು ಮುದುಕರು. "ಕನ್ನಡಕ ಇಲ್ದೆ ಇದ್ರೂ ನನಗೇ ಕಾಣ್ತಿತ್ತು."

ಮಗು ಓಡಿಬಂದು ಅಪ್ಪನ ಕಾಲಿಗೆ ಕಟ್ಟಿಕೊಂಡಿತು. "ಅಪ್ಪಾ, ನೋಡು! ಅಜ್ಜಿ ಹೊಲಿದಿದ್ದು! ಎಲ್ಲಾ ಅಜ್ಜೀನೇ ಹೊಲಿದಿದ್ದು!"

ಅಳಿಯ ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ. ದಿನಾ ಬೆಳಿಗ್ಗೆ ಹಿಡಿದೆಳೆಯುವ ಬಟ್ಟೆ ಅವನ ಬೆರಳಿಗೆ ಗೊತ್ತಿತ್ತು. ಆಮೇಲೆ ಒಂದು ಪಟ್ಟಿಯ ಹೊಲಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿ, ಅಂಗೈ ಅಗಲಿಸಿ ಅದರ ಮೇಲೆ ಇಟ್ಟ. ಹೆಬ್ಬೆರಳು ಒಂದು ತುದಿಗೆ, ಕಿರುಬೆರಳು ಇನ್ನೊಂದು ತುದಿಗೆ ಸರಿಯಾಗಿ ಮುಟ್ಟಿದವು. ಪಕ್ಕದ ಪಟ್ಟಿಯ ಮೇಲೆ ಇಟ್ಟ. ಅದರ ಪಕ್ಕದ್ದರ ಮೇಲೂ ಇಟ್ಟ.

ಕಚಗುಳಿಯಾಗಿ ಮಗು ನಕ್ಕಿತು. ಅವನು ತಲೆ ಎತ್ತಲಿಲ್ಲ. ಸೊಂಟದ ಸುತ್ತ ಒಂದೊಂದೇ ಪಟ್ಟಿಯ ಮೇಲೆ ಗೇಣು ಹಾಕುತ್ತ ಹೋದ.