ಹಾಲು ಕಹಿಯಾದ ವರ್ಷ

ಮೊದಲು ಗೊತ್ತಾದದ್ದು ಹೋಜದಲ್ಲಿ. ಕಾಫಿ ಸಿಪ್ಪೆ ಕುದಿಸಿ ಹಾಲು ಬೆರೆಸಿದ ಆ ಪಾನೀಯದ ಲೋಟ ಬಾಯಿಗಿಟ್ಟ ನೆರೆಮನೆಯ ಹೆಂಗಸರು ಮುಖ ಕಿವುಚಿದರು. ಕಾಸಿಕೊಟ್ಟ ನೂರಿಯಾ ತಾನೂ ಒಂದು ಗುಟುಕು ಕುಡಿದು ನೋಡಿದಳು. ಗಂಟಲಿಗಂಟುವ ಕಹಿ.

"ಮೊನ್ನೆ ನಿನ್ನ ವಾರಗಿತ್ತಿ ನಿನ್ನ ಹಸೂನ ಕೆಚ್ಚಲು ಹೊಗಳಿದ್ಳಲ್ವಾ?" ಅಂದಳು ಒಬ್ಬಳು.

ವಾರಗಿತ್ತಿ ದುರ್ಸಿತು ಅಲ್ಲೇ ಕೂತಿದ್ದಳು. ಮಾವ ತೀರಿಕೊಂಡ ಮೇಲೆ ಇವರಿಬ್ಬರ ಗಂಡಂದಿರು ಹಳ್ಳದಾಚೆಯ ಜೋಳದ ಹೊಲಕ್ಕಾಗಿ ಕಿತ್ತಾಡಿ, ಕೊನೆಗೆ ಯಾರೂ ಉಳದೆ ಬೀಳುಬಿಟ್ಟಿದ್ದರು. ಆ ಸಿಟ್ಟೆಲ್ಲ ನೂರಿಯಾಳ ನಾಲಿಗೆಗೆ ಬಂತು.

"ಹೊಲ ಸಿಗಲಿಲ್ಲ ಅಂತ ನನ್ನ ಹಸು ಮೇಲೆ ಕಣ್ಣು ಹಾಕಿದ್ಯೇನೆ?"

ದುರ್ಸಿತು ಲೋಟ ಕೆಳಗಿಟ್ಟು ಎದ್ದುಹೋದಳು. ಅಂದಿನಿಂದ ಅವಳು ಬರುವುದು ಕಂಡರೆ ಹೆಂಗಸರು ಹಾಲಿನ ಗಡಿಗೆ ಮುಚ್ಚುತ್ತಿದ್ದರು, ಕೂಸುಗಳ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದರು.

ಹಾಲು ಮಾತ್ರ ಸರಿಹೋಗಲಿಲ್ಲ. ಒಂದು ಸಂಜೆ ಹಗ್ಗ ಬಿಚ್ಚಿಕೊಂಡ ಹಸುವನ್ನು ಹುಡುಕುತ್ತ ನೂರಿಯಾ ಆ ಬೀಳುಹೊಲಕ್ಕೆ ಹೋದಳು. ಅಲ್ಲಿ ಹುಲ್ಲೇ ಇರಲಿಲ್ಲ. ಸೊಂಟದೆತ್ತರದ ಗಿಡ, ಗಜ್ಜರಿ ಸೊಪ್ಪಿನಂಥ ಎಲೆ, ನುಚ್ಚು ಚೆಲ್ಲಿದಂಥ ಬಿಳಿ ಹೂ. ಹಸು ಅದನ್ನೇ ಮೇಯುತ್ತಿತ್ತು. ಒಂದೆಲೆ ಕಿತ್ತು ಜಗಿದಳು. ಅದೇ ಕಹಿ. ಎಷ್ಟು ಉಗಿದರೂ ಹೋಗಲಿಲ್ಲ.

ಮಸೀದಿ ಕಟ್ಟೆಯಲ್ಲಿ ಕೂತಿದ್ದ ಮುದುಕ ಮುಮ್ಮೆಗೆ ಗಿಡ ತೋರಿಸಿದಳು.

"ಫರಮ್‌ಸೀಸ ಕಣಮ್ಮ. ಹೊಲಾನ ತನ್ನ ಹೆಸರಿಗೆ ಬರೆಸ್ಕೊಳ್ಳೋದು ಅಂತ ಅರ್ಥ. ಎಲ್ಲಿಂದಲೋ ಬಂತು, ಉಳದೆ ಬಿಟ್ಟ ಕಡೆ ಕೂತ್ಕೊಳ್ತು. ನಿಮ್ಮ ಗಂಡಂದಿರು ಇನ್ನೂ ಜಗಳ ಆಡ್ತಾ ಇರ್ಲಿ, ಇದು ಆಗಲೇ ಗೆದ್ದಿದೆ."

ನೂರಿಯಾ ನೇರ ದುರ್ಸಿತು ಬಾಗಿಲಿಗೆ ಹೋದಳು. "ತಪ್ಪಾಯ್ತು ಕಣೆ. ನಿನ್ನ ಕಣ್ಣಲ್ಲ, ಈ ಗಿಡ."

"ಅಂದಿದ್ದು ಎಲ್ಲರೆದುರಿಗೆ. ಇಲ್ಲಿ ಬಂದು ಯಾಕೆ ಪಿಸುಗುಡ್ತೀಯ?"

ಮರುದಿನ ನೀರಿನ ನಲ್ಲಿಯ ಹತ್ತಿರ ನೂರಿಯಾ ಗಿಡ ಎತ್ತಿಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೆಲವರು ಎಲೆ ನಾಲಿಗೆಗಿಟ್ಟು ತಲೆಯಾಡಿಸಿದರು. ಒಬ್ಬ ಮುದುಕಿ ಮಾತ್ರ, "ಗಿಡಾನೂ ಇರಬಹುದು, ಕಣ್ಣೂ ಇರಬಹುದು," ಅಂದು ಗಡಿಗೆ ಹೊತ್ತು ನಡೆದಳು.

ಗಿಡ ಕೀಳಲು ಹೊಲಕ್ಕಿಳಿದವರು ಈ ಇಬ್ಬರು ಹೆಂಗಸರೇ. ಒಬ್ಬ ಕೈಯಿಟ್ಟರೆ ಹೊಲ ಅವನದೇ ಆಗಿಬಿಡುತ್ತದೆಂದು ಅಣ್ಣ ತಮ್ಮ ಇಬ್ಬರಿಗೂ ಅನುಮಾನ. ಗಿಡ ಕಿತ್ತು ನೂರಿಯಾಳ ಮುಂಗೈಯೆಲ್ಲ ಕೆಂಪಗೆ ಬಾತುಕೊಂಡಿತು.

"ಕೈಗೆ ಬಟ್ಟೆ ಸುತ್ಕೋ," ಅಂದಳು ದುರ್ಸಿತು. ಅವಳತ್ತ ನೋಡದೆ ಮುಂದಿನ ಗಿಡಕ್ಕೆ ಕೈಹಾಕಿದಳು.

ಹಾಲಿನ ಕಹಿ ಬಿಟ್ಟ ಮೇಲೆ ನೂರಿಯಾ ಮೊದಲ ಗಡಿಗೆಯನ್ನು ವಾರಗಿತ್ತಿಯ ಮನೆಗೆ ಕೊಟ್ಟುಬಂದಳು. ಸಂಜೆ ಅದು ಮರಳಿ ನೂರಿಯಾಳ ಹೊಸ್ತಿಲ ಮೇಲಿತ್ತು. ಹಾಲು ಹಾಗೇ ಇತ್ತು.